ಟೈಮ್‌ಕೀಪರ್ ಆಬಾಸಾಹೇಬರ ಯುರೋಪ್ ಪ್ರವಾಸ

ಶಿರಗುಪ್ಪಿ, ಕಾಗವಾಡದ ಕಡೆಯಿಂದ ಯಾರಾದರೂ ಯುರೋಪಿಗೆ ಹೊರಟರೆಂದರೆ, ವೀಸಾ ಕೈಗೆ ಬಂದ ಮೇಲೆ ಒಮ್ಮೆ ಆಬಾಸಾಹೇಬ ಚೌಗುಲೆಯವರ ಕಟ್ಟೆಗೆ ಬಂದು ಕುಳಿತು ಹೋಗುವುದು ಈಗ ರೂಢಿಯೇ ಆಗಿಬಿಟ್ಟಿದೆ. ದ್ರಾಕ್ಷಿ ಒಳ್ಳೆಯ ದರಕ್ಕೆ ಹೋದ ಅಥಣಿಯ ರೈತರು ಬರುತ್ತಾರೆ, ನಿವೃತ್ತಿಯಾದ ಮಾಸ್ತರರು ಬರುತ್ತಾರೆ, ಹೊಸದಾಗಿ ಮದುವೆಯಾದ ಜೋಡಿಗಳೂ ಬರುತ್ತವೆ. ಆಬಾಸಾಹೇಬರು ಯುರೋಪ್ ನೋಡಿದ್ದು ಒಂದೇ ಸಲ, ಅದೂ ಒಂಬತ್ತು ದಿನ. ಆದರೆ ಅಂಜಿಕೊಂಡು ನಡೆದವನಷ್ಟು ಚೆನ್ನಾಗಿ ದಾರಿಯನ್ನು ಯಾರೂ ನೆನಪಿಡುವುದಿಲ್ಲ. ಅವರ ತಲೆಯಲ್ಲಿ ಆ ಒಂಬತ್ತು ದಿನದ ಒಂದೊಂದು ಕಲ್ಲೂ ಉಳಿದಿದೆ.

"ಗುಳಿಗಿ ಕೈಚೀಲದಾಗ ಇಟ್ಟುಕೋರಿ," ಎಂದು ಶುರುಮಾಡುತ್ತಾರೆ. "ದೊಡ್ಡ ಬ್ಯಾಗು ವಿಮಾನದ ಹೊಟ್ಯಾಗ ಹೋತಂದ್ರ ಅದು ನಿಮ್ಮದಲ್ಲ, ದೇವರದು. ಶೇಂಗಾ ಚಟ್ನಿ ಮಾತ್ರ ಅದರಾಗ ಹಾಕ್ರಿ. ನಾ ಕೈಚೀಲದಾಗ ಒಯ್ದು, ಆ ಪೊಲೀಸರು ಅದನ್ನ ಮೂಸಿ ನೋಡಿ ಸೀನಿದ್ದ ಸೀನಿದ್ದು. ನನ್ನ ಜೀವ ಬಾಯಿಗಿ ಬಂದಿತ್ತು."

ಕೇಳುವವರು ನಗುತ್ತಾರೆ. ಆಬಾಸಾಹೇಬರು ನಗುವುದಿಲ್ಲ. "ಒಂಬತ್ತ ತಾಸ ಕುಂತಲ್ಲೇ ಕುಂದ್ರಬ್ಯಾಡ್ರಿ, ಕಾಲು ಬಾತು ಚಪ್ಪಲಿ ಹಿಡಸಂಗಿಲ್ಲ. ತಾಸಿಗೊಮ್ಮೆ ಎದ್ದು ಅಡ್ಡಾಡ್ರಿ. ಅಲ್ಲಿ ಸಂಡಾಸಕ್ಕ ರೊಕ್ಕಾ ಕೊಡಬೇಕು. ಕಿಸೇದಾಗ ಚಿಲ್ಲರ ಇರಲಿ, ದೊಡ್ಡ ನೋಟ ಹಿಡಕೊಂಡ ನಿಂತ್ರ ಬಾಗಲದಾಗ ಕುಣೀಬೇಕಾಗತೈತಿ. ಒಳಗ ನೀರ ಸುದ್ದಾ ಇರಂಗಿಲ್ಲ, ಖಾಲಿ ಬಾಟಲಿ ಒಗೀಬ್ಯಾಡ್ರಿ."

ಹೀಗೆ ಒಂದು ತಾಸು. ಎಲ್ಲ ಮುಗಿದು ಎದ್ದು ಹೊರಟವರ ಕೈ ಹಿಡಿದು ನಿಲ್ಲಿಸಿ, ದನಿ ತಗ್ಗಿಸಿ ಒಂದು ಮಾತು ಹೇಳುತ್ತಾರೆ. "ವಿಮಾನ ಇಳದ ಕೂಡಲೇ ಗಡಿಯಾರದ ಮುಳ್ಳ ತಿರುವ್ರಿ. ನಿಂತ ಜಾಗಾದಾಗ. ಆಮ್ಯಾಲ ತಿರುವತೇನಿ ಅನಬ್ಯಾಡ್ರಿ." ಮೊಬೈಲು ತಾನಾಗಿಯೇ ತಿರುಗಿಸಿಕೊಳ್ಳುತ್ತದೆ ಕಾಕಾ ಎಂದು ಹುಡುಗರು ನಗುತ್ತಾರೆ. ಆಬಾಸಾಹೇಬರು ಹಿಡಿದ ಕೈ ಬಿಡದೆ ಅದನ್ನೇ ಇನ್ನೊಮ್ಮೆ ಹೇಳುತ್ತಾರೆ.

ಅವರು ಹುಟ್ಟಾ ಅಂಜುಬುರುಕರು, ಅದನ್ನು ಮುಚ್ಚಿಟ್ಟು ಹೇಳುವುದೇನೂ ಇಲ್ಲ. ಕೃಷ್ಣೆಗೆ ಮಳೆಗಾಲದ ನೀರು ಬಂದರೆ ಸೇತುವೆ ದಾಟುವವರೆಗೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಮನೆಗೆ ಕೀಲಿ ಹಾಕಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುತ್ತಿದ್ದರು. ಇಂಥ ಮನುಷ್ಯನಿಗೆ ಭಯವಿಲ್ಲದ ಜಾಗ ಒಂದೇ ಇತ್ತು. ಅದು ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸು. ಮೂವತ್ನಾಲ್ಕು ವರ್ಷ ಅವರು ಅಲ್ಲಿ ಟೈಮ್‌ಕೀಪರ್. ನಸುಕಿನ ನಾಲ್ಕಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ರಾತ್ರಿ ಎಂಟಕ್ಕೆ ಪಾಳಿ ಬದಲಾಗುವ ಭೋಂಗಾ ಊದುವುದು ಅವರ ಗಡಿಯಾರದ ಮೇಲೆ. ಆ ಭೋಂಗಾ ಕೇಳಿ ಸುತ್ತಲ ಹತ್ತು ಹಳ್ಳಿಯ ಹೆಂಗಸರು ಒಲೆ ಹಚ್ಚುತ್ತಿದ್ದರು, ಗಂಡಸರು ಹೊಲಕ್ಕೆ ನೀರು ತಿರುವುತ್ತಿದ್ದರು. ಒಂದು ನಿಮಿಷ ಹಿಂದಾದದ್ದಿಲ್ಲ, ಮುಂದಾದದ್ದಿಲ್ಲ. ಕೀಲಿ ಕೊಡುವ ಆ ಕೈಗಡಿಯಾರದ ಮುಳ್ಳನ್ನು ಬೇರೆಯವರು ಮುಟ್ಟಿದರೆ ಆಬಾಸಾಹೇಬರಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಅವರ ಹೆಂಡತಿ ಜಿನಮತಿ ಇದಕ್ಕೆ ತೀರ ವಿರುದ್ಧ. ಹಾವು ಬಂದರೆ ಸೊಪ್ಪೆಯ ಕಡ್ಡಿಯಿಂದ ಆಚೆ ಸರಿಸುವ ಹೆಣ್ಣು. ಅವಳಿಗೆ ಇದ್ದ ಅಂಜಿಕೆ ಒಂದೇ, ತನ್ನ ನೇಮ ಎಲ್ಲಿ ತಪ್ಪುತ್ತದೋ ಎಂದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮದುವೆಯಾದ ವರ್ಷವೇ, ಬೋರಗಾಂವದಲ್ಲಿ ಮುನಿ ಮಹಾರಾಜರ ಚಾತುರ್ಮಾಸ ನಡೆದಾಗ ಅವಳು ಅವರ ಮುಂದೆ ಕೈಮುಗಿದು ನೇಮ ಹಿಡಿದಿದ್ದಳು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಮಗಳು ರೂಪಾಲಿ ಹುಟ್ಟಿದ ರಾತ್ರಿ, ಹೆರಿಗೆಯ ದಣಿವಿನಲ್ಲೂ ನಾಲಿಗೆಗೆ ಹನಿ ನೀರು ಹಚ್ಚದೆ ಬೆಳಗು ಮಾಡಿದವಳು ಅವಳು. ಮೋಡ ಕವಿದ ದಿನ ಹೊತ್ತು ಕಾಣದಿದ್ದರೆ ಗಂಡನನ್ನು ಕೇಳುತ್ತಿದ್ದಳು, "ಯಾಳ್ಯಾ ಎಷ್ಟಾತ್ರಿ?" ಅವರು ಹೇಳಿದ್ದೇ ಅವಳಿಗೆ ಸೂರ್ಯ. ಎಂಟು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರರು ಮುಂಜಾನೆ ಒಂದು, ಸಂಜೆ ಊಟಕ್ಕೆ ಅರ್ಧ ತಾಸು ಮೊದಲು ಒಂದು ಗುಳಿಗೆ ಬರೆದುಕೊಟ್ಟರು. ಅದಕ್ಕೂ ಗಂಡನ ಗಡಿಯಾರವೇ ಆಧಾರವಾಯಿತು.

ಜಿನಮತಿಗೆ ಹಿಮ ನೋಡುವ ಆಸೆ ಬಹಳ ದಿನದ್ದು. ನಿಪ್ಪಾಣಿಯಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ರೂಪಾಲಿ ಅಲ್ಲಿನ ಒಂದು ಟ್ರಾವೆಲ್ಸ್‌ನವರ ಹತ್ತಿರ ಇಬ್ಬರ ಹೆಸರನ್ನೂ ಬರೆಸಿಬಿಟ್ಟಳು. ಜೈನರ ಊಟ ಸಿಗುತ್ತದೆ, ಜೊತೆಗೆ ಹನ್ನೆರಡು ಜನ ನಮ್ಮ ಕಡೆಯವರೇ ಎಂದಳು. ಜೂನ್ ತಿಂಗಳು. ಮುಂಬಯಿಗೆ ಹೋಗುವ ಬಸ್ಸು ಹತ್ತುವಾಗ ಅಪ್ಪನ ಕೈ ಹಿಡಿದು ಅವಳು ಹೇಳಿದ್ದು ಇಷ್ಟೇ: "ಅಪ್ಪಾಜಿ, ಅವ್ವಾನ ಹೆಂಗ ಕರಕೊಂಡ ಹೊಂಟೀರಿ, ಹಂಗ ಕರಕೊಂಡ ಬರ್ರಿ." ನಗುತ್ತಲೇ ಹೇಳಿದ್ದು. ಆಬಾಸಾಹೇಬರ ಎದೆಯಲ್ಲಿ ಮಾತ್ರ ಅದು ಕಲ್ಲಾಗಿ ಕೂತಿತು. ಅಲ್ಲಿಂದ ಮುಂದೆ ಅವರಿಗೆ ಯುರೋಪ್ ಎಂದರೆ ಜಿನಮತಿಯನ್ನು ಜೀವಸಹಿತ ತಿರುಗಿ ಶಿರಗುಪ್ಪಿಗೆ ಮುಟ್ಟಿಸುವ ಕೆಲಸ, ಅಷ್ಟೇ. ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಉಡದಾರಕ್ಕೆ ಕಟ್ಟಿಕೊಂಡರು. ಬ್ಯಾಗು ಮೂರು ಸಲ ತಪಾಸಣೆ ಮಾಡಿ, ಹೆಂಡತಿ ಕದ್ದು ತಿಂದಾಳೆಂದು ಹೆದರಿ, ರೂಪಾಲಿ ಇಟ್ಟಿದ್ದ ಬೆಲ್ಲದ ಚಿಕ್ಕಿ, ಬೇಸನ್ ಉಂಡೆ ಎಲ್ಲ ತೆಗೆದಿಟ್ಟರು. ಅಂಜುವವನು ಬಾಗಿಲು ಭದ್ರ ಮಾಡಿಕೊಂಡು ಕಿಟಕಿ ಮರೆಯುತ್ತಾನೆ ಅನ್ನುವುದು ಸುಳ್ಳಲ್ಲ.

ಮಧ್ಯಾಹ್ನ ಮುಂಬಯಿ ಬಿಟ್ಟ ವಿಮಾನ ಸೂರ್ಯನ ಬೆನ್ನು ಹತ್ತಿ ಪಡುವಣಕ್ಕೆ ಹೊರಟಿತು. ಎಷ್ಟು ಹೊತ್ತಾದರೂ ಕಿಟಕಿಯಲ್ಲಿ ಬಿಸಿಲು. ರೆಕ್ಕೆ ಅಲುಗಿದಾಗಲೆಲ್ಲ ಆಬಾಸಾಹೇಬರು ಣಮೋಕಾರ ಮಂತ್ರ ಹೇಳುತ್ತಿದ್ದರು. ಊಟದ ತಟ್ಟೆ ಬಂದಾಗ ಜಿನಮತಿ ಕೇಳಿದಳು, "ಯಾಳ್ಯಾ ಎಷ್ಟಾತ್ರಿ?"

"ಎಂಟಕ್ಕ ಐದ ಕಮ್ಮಿ."

ಅವಳು ಹಣ್ಣಿನ ತುಂಡನ್ನೂ ಮುಟ್ಟದೆ ತಟ್ಟೆ ಮುಚ್ಚಿದಳು. ಹೊರಗೆ ಕಣ್ಣು ಕುಕ್ಕುವ ಬೆಳಕಿತ್ತು. ಊರಲ್ಲಿ ಹೊತ್ತು ಮುಳುಗಿ ಮುಕ್ಕಾಲು ತಾಸಾಗಿತ್ತು. ಇಳಿದ ಮೇಲೆ ಟೂರ್ ಮ್ಯಾನೇಜರ್ ವಿಕ್ರಾಂತ, ನಿಪ್ಪಾಣಿಯ ಚುರುಕು ಮನುಷ್ಯ, ಗಡಿಯಾರ ಮೂರೂವರೆ ತಾಸು ಹಿಂದೆ ಮಾಡಿಕೊಳ್ಳಿ ಎಂದು ಎಲ್ಲರಿಗೂ ಕೂಗಿ ಹೇಳಿದ. ಆಬಾಸಾಹೇಬರು ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡರು. ಮೂವತ್ನಾಲ್ಕು ವರ್ಷ ಹತ್ತು ಹಳ್ಳಿಗೆ ವೇಳೆ ಹೇಳಿದ ಗಡಿಯಾರ, ಯಾರದೋ ದೇಶ ಹೇಳಿತೆಂದು ಸುಳ್ಳು ಹೇಳಬೇಕೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಷ್ಟೇ ಅಲ್ಲ, ಆ ಪರದೇಶದಲ್ಲಿ ಅವರಿಗೆ ಗುರುತಿದ್ದದ್ದು ಎರಡೇ, ಹೆಂಡತಿಯ ಮುಖ ಮತ್ತು ಆ ಮುಳ್ಳು. ಅದನ್ನು ತಿರುವಿದರೆ ಊರಿನ ಹಗ್ಗವೇ ಹರಿದಂತಾಗುತ್ತದೆ ಎಂಬ ಭಯ.

ಎರಡು ದಿನ ಹೇಗೋ ನಡೆಯಿತು. ಅಲ್ಲಿನ ಮಧ್ಯಾಹ್ನದ ಊಟವೇ ಜಿನಮತಿಗೆ ಸಂಜೆಯ ಊಟ. ಒಂದೂವರೆಗೆ ತಟ್ಟೆ ಬಂದರೆ ಆಬಾಸಾಹೇಬರ ಗಡಿಯಾರದಲ್ಲಿ ಐದು. ಉಂಡಳೆಂದರೆ ಮರುದಿನ ಮುಂಜಾನೆಯವರೆಗೆ ಹನಿ ನೀರಿಲ್ಲ. ಮುಖ ಇಳಿಯಿತು, ತುಟಿ ಒಣಗಿದವು. "ಹವಾ ಒಗ್ಗವಲ್ದು, ಅಷ್ಟ," ಎಂದಳು. ಆಬಾಸಾಹೇಬರು ನಂಬಿದರು, ಯಾಕೆಂದರೆ ನಂಬದಿದ್ದರೆ ಹೆದರಬೇಕಾಗುತ್ತಿತ್ತು.

ಮೂರನೆಯ ದಿನ ಸ್ವಿಟ್ಜರ್‌ಲ್ಯಾಂಡಿನ ಬೆಟ್ಟದ ದಾರಿ. ಒಂದೂವರೆಗೆ ಊಟದ ಹೋಟೆಲ್ ಮುಟ್ಟುತ್ತೇವೆಂದು ವಿಕ್ರಾಂತ ಹೇಳಿದ್ದರಿಂದ ಒಂದಕ್ಕೆ ಸರಿಯಾಗಿ ಆಬಾಸಾಹೇಬರು ಹೆಂಡತಿಯ ಕೈಗೆ ಸಂಜೆಯ ಗುಳಿಗೆ ಕೊಟ್ಟರು. ಹತ್ತು ನಿಮಿಷದಲ್ಲಿ ಬಸ್ಸು ಒಂದು ಉದ್ದನೆಯ ಸುರಂಗದ ಬಾಯಿಗೆ ಬಂದು ನಿಂತುಬಿಟ್ಟಿತು. ಒಳಗೆ ಎಲ್ಲೋ ಲಾರಿ ಕೆಟ್ಟಿದೆಯಂತೆ. ಮುಂದೆ ಗಾಡಿ, ಹಿಂದೆ ಗಾಡಿ, ಎರಡೂ ಕಡೆ ಕಡಿದಾದ ಬಂಡೆ. ಅರ್ಧ ತಾಸಾಯಿತು, ಒಂದು ತಾಸಾಯಿತು. ಚಕ್ಕುಲಿ, ಅವಲಕ್ಕಿ ಇದ್ದ ಬ್ಯಾಗು ಬಸ್ಸಿನ ಹೊಟ್ಟೆಯಲ್ಲಿ. ರಸ್ತೆ ಮಧ್ಯೆ ಅದನ್ನು ತೆಗೆಯುವಂತಿಲ್ಲ ಎಂದು ಡ್ರೈವರ್ ತಲೆ ಅಲ್ಲಾಡಿಸಿದ. ಹಿಂದಿನ ಸೀಟಿನಲ್ಲಿದ್ದ ಲಗಮಪ್ಪ, ಅಥಣಿಯಲ್ಲಿ ಔಷಧಿ ಅಂಗಡಿ ಇಟ್ಟವರು, ಚಿಪ್ಸಿನ ಪಾಕೀಟು ಮುಂದೆ ಚಾಚಿದರು. ನೆಲದೊಳಗೆ ಬೆಳೆಯುವ ಬಟಾಟೆಯನ್ನು ಜಿನಮತಿ ಮುಟ್ಟುವವಳಲ್ಲ. ಬಿಸ್ಕೀಟಿನಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಓದಲು ಯಾರಿಗೂ ಬರಲಿಲ್ಲ.

ಊಟದ ಹೋಟೆಲ್ ಮುಟ್ಟಿದಾಗ ಅಲ್ಲಿನ ವೇಳೆ ನಾಲ್ಕು ದಾಟಿತ್ತು. ಬಿಸಿ ಚಪಾತಿ, ಬೇಳೆ, ಅನ್ನ ಮೇಜಿನ ಮೇಲೆ ಬಂತು. ಜಿನಮತಿ ಕೈ ತೊಳೆದುಕೊಂಡು ಕುಳಿತವಳು ತಟ್ಟೆಗೆ ಕೈ ಹಾಕಲಿಲ್ಲ.

"ಊರಾಗ ಯಾಳ್ಯಾ ಎಷ್ಟಾತ್ರಿ?"

ವಿಕ್ರಾಂತನಿಗೆ ಅಳುವಷ್ಟಾಯಿತು. "ಕಾಕೂ, ಹೊರಗ ನೋಡ್ರಿ. ಹೊತ್ತ ಇನ್ನೂ ನೆತ್ತಿ ಮ್ಯಾಲ ಐತಿ. ಇಲ್ಲಿ ಮುಣಗೂದು ಒಂಬತ್ತೂವರಿಗಿ. ಉಣ್ರಿ."

ಜಿನಮತಿ ಕಿಟಕಿಯಾಚೆ ನೋಡಿದಳು. ಬಿಸಿಲು ಹುಲ್ಲಿನ ಮೇಲೆ ಹರಡಿತ್ತು. ಅವಳ ಮನಸ್ಸು ಅಲುಗಿದ್ದು ಮುಖದಲ್ಲಿ ಕಂಡಿತು. ಹಸಿವೆಯೂ ಕಂಡಿತು. ಗಂಡನ ಕಡೆ ತಿರುಗಿ, "ಇವರು ಹೇಳಲಿ. ಇವರು ಉಣ್ಣು ಅಂದ್ರ ಉಣತೇನಿ," ಎಂದಳು.

ಹನ್ನೆರಡು ಜನರ ಕಣ್ಣು ಆಬಾಸಾಹೇಬರ ಮೇಲೆ. ಜೀವಮಾನದಲ್ಲಿ ಒಮ್ಮೆಯಾದರೂ ಅವರು ತಪ್ಪು ಹೇಳಬಹುದಾಗಿದ್ದ ಗಳಿಗೆ ಅದು. ಟೈಮ್ ಆಫೀಸಿನ ಕುರ್ಚಿಯಲ್ಲಿ ಕುಳಿತವರ ಹಾಗೆ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ತೋಳು ಸರಿಸಿ ಗಡಿಯಾರ ನೋಡಿದರು. "ನೇಮ ನಮ್ಮೂರ ಹೊತ್ತಿಗಿ ಹಿಡದದ್ದು. ಊರಾಗ ಏಳ ಗಂಟೆ ಮೂವತ್ತೆಂಟ ಮಿನಿಟ. ಹೊತ್ತ ಮುಣಗೇತಿ."

ಜಿನಮತಿ ಲೋಟವನ್ನು ಆಚೆ ಸರಿಸಿ ಕೈಮುಗಿದು ಎದ್ದಳು. ಆಬಾಸಾಹೇಬರಿಗೆ ಒಳಗೊಳಗೇ ಹೆಮ್ಮೆ. ಎಂಥ ಹೆಮ್ಮೆ ಅದು, ಬೆಂಕಿ ಹತ್ತಲಿ ಅಂಥ ಹೆಮ್ಮೆಗೆ.

ಅಲ್ಲಿಂದ ಮುಂದಿನ ದಾರಿಯಲ್ಲಿ ಅವಳು ಮಾತಾಡಲಿಲ್ಲ. ತಣ್ಣನೆಯ ಬೆಟ್ಟದ ಹವೆಯಲ್ಲೂ ಹಣೆಯ ಮೇಲೆ ಬೆವರು ಮೂಡಿತು. ಆಬಾಸಾಹೇಬರು ಸೆರಗಿನಿಂದ ಒರೆಸಿದರು. ಮತ್ತೆ ಮೂಡಿತು. ಏನೋ ಸರಿಯಿಲ್ಲ ಎಂದು ಅವರಿಗೆ ತಿಳಿಯಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಅದು ಖರೆ ಆಗಿಬಿಡುತ್ತದೆಂಬ ಹೆದರಿಕೆ. ರಾತ್ರಿ ಉಳಿಯುವ ಹೋಟೆಲ್ ಮುಟ್ಟಿದಾಗ ಒಂಬತ್ತು ದಾಟಿತ್ತು. ಕಣಿವೆಯೊಳಗಿನ ಸಣ್ಣ ಊರು. ಬೆಳಕು ಬೆಟ್ಟದ ತುದಿಗೆ ಏರಿತ್ತು. ಮೂರನೆಯ ಮಹಡಿಯ ಕೋಣೆಯಲ್ಲಿ ಹಾಸಿಗೆಯ ಅಂಚಿಗೆ ಕುಳಿತ ಜಿನಮತಿ ಗಂಡನನ್ನು ಗುರುತಿಲ್ಲದವರಂತೆ ನೋಡಿ ಕೇಳಿದಳು:

"ಎಮ್ಮಿ ಹಿಂಡ್ಯಾರೇನ್ರಿ?"

ಎಮ್ಮೆ ಮಾರಿ ಹನ್ನೆರಡು ವರ್ಷವಾಗಿತ್ತು. "ಜಿನಮತಿ, ನಾವು ಎಲ್ಲಿ ಅದೀವಿ?" ಎಂದು ಆಬಾಸಾಹೇಬರು ಅವಳ ಭುಜ ಅಲುಗಿಸಿದರು. ಅವಳ ಬಾಯಿಂದ ಬಂದ ಮಾತು ತೊದಲಿ, ಅರ್ಥವಿಲ್ಲದೆ, ತುಟಿಯಲ್ಲೇ ನಿಂತಿತು. ಮೈ ಮಂಜಿನಂತೆ ತಣ್ಣಗೆ, ರವಿಕೆ ಬೆವರಿಗೆ ತೊಯ್ದಿತ್ತು. ಸಾಯುತ್ತಾಳೆ, ಈಗ ಸಾಯುತ್ತಾಳೆ ಎಂಬುದೊಂದೇ ಅವರ ತಲೆಯಲ್ಲಿ. ಲಗಮಪ್ಪನವರನ್ನು ಕರೆಯಲು ಹೊರಗೆ ಓಡಿದರು. ಬೆನ್ನ ಹಿಂದೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಆ ದೇಶದ ಹೋಟೆಲ್ ಬಾಗಿಲಿನ ಬುದ್ಧಿಯೇ ಅಂಥದ್ದು. ಮುಚ್ಚಿತೆಂದರೆ ಕಾರ್ಡ್ ತೋರಿಸದೆ ತೆರೆಯದು. ಕಾರ್ಡ್ ಒಳಗೆ, ಜಿನಮತಿ ಒಳಗೆ, ಆಬಾಸಾಹೇಬರು ಧೋತರ ಬನಿಯನ್ನಿನಲ್ಲಿ ಹೊರಗೆ. ಹಿಡಿಕೆ ಜಗ್ಗಿದರು, ಮುಷ್ಟಿಯಿಂದ ಬಡಿದರು, "ಜಿನಮತೀ, ಬಾಗಲ ತಗಿಯ!" ಎಂದು ಕೂಗಿದರು. ಒಳಗೆ ಏನೋ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಕೂಗು ಕೇಳಿ ಲಗಮಪ್ಪ ಬಂದರು, ವಿಕ್ರಾಂತ ಕೆಳಗೆ ಕೌಂಟರಿಗೆ ಓಡಿದ. ಅವನು ಬೇರೆ ಕಾರ್ಡ್ ತರುವವರೆಗೆ ಎಷ್ಟು ಹೊತ್ತು ಹೋಯಿತೋ, ಎರಡು ನಿಮಿಷವೋ ಹತ್ತೋ, ಆಬಾಸಾಹೇಬರಿಗೆ ಇವತ್ತಿಗೂ ತಿಳಿಯದು. ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದರು. "ರೂಪಾಲಿಗೆ ಏನ ಹೇಳಲಿ," ಎಂದು ಬಾಗಿಲನ್ನೇ ಕೇಳುತ್ತಿದ್ದರು.

ತೆರೆದಾಗ ಜಿನಮತಿ ನೆಲದ ಮೇಲೆ ಮಂಚಕ್ಕೆ ಒರಗಿ ಬಿದ್ದಿದ್ದಳು. ಪಕ್ಕದಲ್ಲಿ ಒಡೆಯದೆ ಉರುಳಿದ ದೀಪ. ಕಣ್ಣು ಅರ್ಧ ತೆರೆದಿತ್ತು. ಲಗಮಪ್ಪ ನಾಡಿ ಹಿಡಿದು, "ಸಕ್ಕರಿ ಪೂರ್ತಿ ಇಳದೈತಿ. ಗುಳಿಗಿ ತಗೊಂಡಾರ, ಊಟ ಇಲ್ಲ. ಲಗೂನ ಏನರೆ ಸಿಹಿ ಕೊಡ್ರಿ," ಎಂದರು. ಮೂವತ್ನಾಲ್ಕು ವರ್ಷ ಸಕ್ಕರೆಯ ಬೆಟ್ಟದ ಪಕ್ಕ ಕುಳಿತು ಬಂದ ಮನುಷ್ಯನ ಬ್ಯಾಗಿನಲ್ಲಿ ಚಿಟಿಕೆ ಸಕ್ಕರೆ ಇರಲಿಲ್ಲ. ಚಿಕ್ಕಿಯನ್ನು ಸ್ವಂತ ಕೈಯಿಂದ ತೆಗೆದಿಟ್ಟು ಬಂದಿದ್ದರು. ಕೋಣೆಯ ಚಹಾದ ತಟ್ಟೆಯಲ್ಲಿದ್ದ ಸಣ್ಣ ಸಣ್ಣ ಸಕ್ಕರೆ ಪೊಟ್ಟಣ ಹರಿದು ಲಗಮಪ್ಪ ಲೋಟದ ನೀರಿನಲ್ಲಿ ಕದಡಿದರು. ವಿಕ್ರಾಂತ ಆಂಬುಲೆನ್ಸಿಗೆ ಫೋನ್ ಹಚ್ಚಿದ್ದ.

"ನುಂಗೂವಷ್ಟ ಎಚ್ಚರ ಅದಾರ. ಎಚ್ಚರ ತಪ್ಪಿದ್ರ ಬಾಯಾಗ ಹಾಕಾಕ ಬರಂಗಿಲ್ಲ. ಈಗ ಕುಡಸ್ರಿ, ಈಗ," ಎಂದರು ಲಗಮಪ್ಪ.

ಆಬಾಸಾಹೇಬರು ಲೋಟ ತುಟಿಗೆ ಹಿಡಿದರು. ಜಿನಮತಿ ಹಲ್ಲು ಕಚ್ಚಿಕೊಂಡಳು. ಎಲ್ಲ ಮರೆತಿದ್ದಳು, ಊರು, ದೇಶ, ಎಮ್ಮೆ ಮಾರಿದ್ದು. ನೇಮ ಮರೆತಿರಲಿಲ್ಲ. ಬಹಳ ಕಷ್ಟದಿಂದ ನಾಲಿಗೆ ಹೊರಳಿಸಿ ಕೇಳಿದಳು:

"ಹೊತ್ತ... ಐತೇನ್ರಿ?"

ಆಬಾಸಾಹೇಬರು ಕಿಟಕಿ ನೋಡಿದರು. ಬೆಟ್ಟದ ತುದಿಯ ಕೊನೆಯ ಬೆಳಕೂ ಹೋಗಿತ್ತು. ಕೆಳಗೆ ಬೀದಿಯ ದೀಪ ಹತ್ತಿದ್ದವು. ಒಂಬತ್ತೂ ಮುಕ್ಕಾಲು. ಊರಿನ ಲೆಕ್ಕದಲ್ಲೂ ರಾತ್ರಿ, ಈ ದೇಶದ ಲೆಕ್ಕದಲ್ಲೂ ರಾತ್ರಿ. ಹೇಳಿಕೊಳ್ಳಲು ಯಾವ ಸೂರ್ಯನೂ ಉಳಿದಿರಲಿಲ್ಲ.

"ಐತಿ," ಎಂದರು. "ಇನ್ನೂ ಮುಣಗಿಲ್ಲ, ಬಿಸಿಲ ಐತಿ. ಕುಡಿ ನನ್ನವ್ವಾ, ಕುಡಿ."

ಜಿನಮತಿ ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು. ಗುಟುಕು ಗುಟುಕಾಗಿ ಲೋಟ ಖಾಲಿಯಾಯಿತು. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಆಂಬುಲೆನ್ಸಿನ ನರ್ಸಮ್ಮ ಬಂದು ಬೆರಳು ಚುಚ್ಚಿ ನೋಡಿ, ಇನ್ನೊಂದು ತಾಸು ಕೂತು ಮತ್ತೆ ಚುಚ್ಚಿ ನೋಡಿ, ಹೆಬ್ಬೆರಳು ಎತ್ತಿ ತೋರಿಸಿ ನಕ್ಕಳು. ಸಂಜೆ ಗುಳಿಗೆಯ ಬಗ್ಗೆ ಅವಳು ಹೇಳಿದ್ದನ್ನು ವಿಕ್ರಾಂತ ಕಾಗದದ ಮೇಲೆ ಬರೆದುಕೊಂಡ. ಆಬಾಸಾಹೇಬರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಹೆಂಡತಿಯ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತ ಕುಳಿತಿದ್ದರು. ಒಂದು ಭಯ ಇಳಿದಿತ್ತು, ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು. ನಲವತ್ತು ವರ್ಷದ ನೇಮವನ್ನು ಸುಳ್ಳು ಹೇಳಿ ಮುರಿಸಿದ್ದೇನೆ, ಬೆಳಗಾಗಿ ಇವಳಿಗೆ ತಿಳಿದರೆ ನನ್ನ ಮುಖ ನೋಡುತ್ತಾಳೆಯೇ?

ಮುಂಜಾನೆ ಜಿನಮತಿ ಮುಖ ತೊಳೆದು, ತಲೆ ಬಾಚಿಕೊಂಡು, ಏನೂ ಆಗಿಲ್ಲವೆಂಬಂತೆ ಕುರ್ಚಿಯ ಮೇಲೆ ಕುಳಿತಳು.

"ನಿನ್ನೆ ಹೊತ್ತ ಮುಣಗಿತ್ತು," ಎಂದಳು.

ಆಬಾಸಾಹೇಬರು ತಲೆ ಎತ್ತಿದರು. "ನಿಂಗ ಎಚ್ಚರ ಇತ್ತಾ?"

"ಅಷ್ಟಷ್ಟ ಇತ್ತು. ನಿಮ್ಮ ಬೆನ್ನ ಹಿಂದ ಕಿಡಕಿ ಇತ್ತಲ್ರಿ. ಕತ್ತಲ ಕಾಣಸ್ತಿತ್ತು."

"ಮತ್ತ ಯಾಕ ಕುಡದಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಲವತ್ತ ವರ್ಷ ನಾ ಕೇಳೇನಿ, ನೀವು ಹೇಳೀರಿ. ಒಂದ ಮಿನಿಟ ಸುದ್ದಾ ಸುಳ್ಳ ಹೇಳಿಲ್ಲ. ನಿನ್ನೆ ಹೇಳಿದ್ರಿ. ಈ ಮನಶಾ ಇಷ್ಟ ಅಂಜ್ಯಾನಂದ್ರ, ನಾ ಹೋದ್ರ ಇಲ್ಲೇ ಈ ಬಾಗಲದಾಗ ಕುಂತ ಬಿಡತಾನ ಅನಸ್ತು. ಅದಕ್ಕ ಕುಡದೆ."

ಆಬಾಸಾಹೇಬರು ಅವಳ ಕಾಲ ಬಳಿ ನೆಲದ ಮೇಲೆ ಕುಳಿತುಬಿಟ್ಟರು. ಅರವತ್ತಾರು ವರ್ಷದ ಗಂಡಸು ಬಿಕ್ಕಿ ಬಿಕ್ಕಿ ಅತ್ತರು. ಜಿನಮತಿ ಅವರ ತಲೆಯ ಮೇಲೆ ಕೈ ಇಟ್ಟಳು.

"ಅಳಬ್ಯಾಡ್ರಿ. ಊರಿಗಿ ಹೋಗಿ ಮಹಾರಾಜರ ಮುಂದ ಎರಡ ಪ್ರಾಯಶ್ಚಿತ್ತ ಕೇಳೂಣು. ಕುಡದದ್ದಕ್ಕ ನಂದೊಂದು, ಸುಳ್ಳಿಗಿ ನಿಮ್ಮದೊಂದು."

ಆಬಾಸಾಹೇಬರು ತಲೆ ಅಲ್ಲಾಡಿಸಿದರು.

"ಸುಳ್ಳಿಗಿ ಬ್ಯಾಡ. ನಿನ್ನೆ ನಾಕ ಗಂಟೆಕ್ಕ ನಿನ್ನ ತಾಟಿನ ಮುಂದ ಕುಂತು ಖರೇ ಹೇಳಿದ್ನಲ್ಲಾ, ಅದಕ್ಕ ಕೇಳತೇನಿ," ಎಂದರು.